ರಾತ್ರಿ ಹತ್ತರ ನಡಿಗೆ: ಮೆಲ್ಬರ್ನ್ ಒಳವಲಯದಲ್ಲಿ ಒಂದು ಯೂನಿಟ್ ಕೊಂಡ ಪ್ರಕರಣ

2025ರ ಮೇ ತಿಂಗಳ ಒಂದು ಭಾನುವಾರ, ನನಗೆ ತಂಗಿಯಂತಿರುವ ಹುಡುಗಿಯೊಬ್ಬಳು ಮನೆಗೆ ಬಂದು ಊಟ ಮುಗಿಸಿ ಕುಳಿತವಳು, "ಅಕ್ಕಾ, ಬಾಡಿಗೆ ಕಟ್ಟಿ ಸಾಕಾಯಿತು. ಊರಿನೊಳಗೇ, ಭಯವಿಲ್ಲದ ಕಡೆ, ನನ್ನ ಕೈಗೆ ಎಟುಕುವಂಥ ಯೂನಿಟ್ ಬೇಕು. ನನ್ನ ಜೊತೆ ನೋಡಲು ಬರುತ್ತೀರಾ?" ಎಂದು ಕೇಳಿದಳು. ಅವಳು ಪಾರ್ಕ್‌ವಿಲ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ವಯಸ್ಸು ಮೂವತ್ತೆರಡು. ಒಬ್ಬಳೇ ಇರುತ್ತಾಳೆ, ಕಾರು ಇಲ್ಲ. ವಾರದಲ್ಲಿ ಎರಡು ಮೂರು ದಿನ ಅವಳ ಪಾಳಿ ರಾತ್ರಿ ಒಂಬತ್ತೂವರೆಗೆ ಮುಗಿಯುತ್ತದೆ. ಈ ಕೊನೆಯ ಸಂಗತಿ ಮುಂದೆ ಎಲ್ಲವನ್ನೂ ನಿರ್ಧರಿಸಿತು.

ಆಸ್ಟ್ರೇಲಿಯಕ್ಕೆ ಹೊಸಬರಾದವರಿಗೆ ಒಂದು ಮಾತು: ಇಲ್ಲಿ ಯೂನಿಟ್ ಎಂದರೆ ಹಲವು ಮನೆಗಳಿರುವ ಒಂದೇ ಆವರಣದಲ್ಲಿ ನಮ್ಮ ಹೆಸರಿಗೆ ಬರುವ ಒಂದು ಪಾಲು. ಗೋಡೆಯೊಳಗಿನದು ನಮ್ಮದು, ಚಾವಣಿ, ಮೆಟ್ಟಿಲು, ಅಂಗಳ, ಕೊಳವೆಗಳು ಎಲ್ಲರದು. ಆ ಎಲ್ಲರನ್ನೂ ಸೇರಿಸಿದ ಕಾನೂನುಬದ್ಧ ಸಂಘಕ್ಕೆ ವಿಕ್ಟೋರಿಯಾ ರಾಜ್ಯದಲ್ಲಿ ಓನರ್ಸ್ ಕಾರ್ಪೊರೇಷನ್ ಎಂದು ಹೆಸರು. ಯೂನಿಟ್ ಕೊಳ್ಳುವವರು ಮನೆಯ ಜೊತೆಗೆ ಈ ಸಂಘದ ಲೆಕ್ಕಪತ್ರವನ್ನೂ ಸಾಲವನ್ನೂ ಜಗಳವನ್ನೂ ಕೊಳ್ಳುತ್ತಾರೆ.

ಅವಳ ಉಳಿತಾಯ 74,000 ಡಾಲರ್. ಬ್ಯಾಂಕ್ ಕೊಡಲೊಪ್ಪಿದ ಸಾಲ 4.4 ಲಕ್ಷ. ವಕೀಲರ ಖರ್ಚು, ತಪಾಸಣೆ, ಸಾಗಾಟ, ಕೈಯಲ್ಲಿ ಒಂದಿಷ್ಟು ಆಪದ್ಧನ, ಇಷ್ಟನ್ನು ಕಳೆದರೆ ಐದು ಲಕ್ಷವೇ ಗಡಿ. ಎರಡು ನಿಯಮಗಳು ಅವಳ ಪರವಾಗಿದ್ದವು. ವಿಕ್ಟೋರಿಯಾದಲ್ಲಿ ಮೊದಲ ಮನೆ ಕೊಳ್ಳುವವರು 6 ಲಕ್ಷ ಡಾಲರ್‌ವರೆಗಿನ ಮನೆಗೆ ಮುದ್ರಾಂಕ ಶುಲ್ಕ ಕಟ್ಟಬೇಕಿಲ್ಲ, 6ರಿಂದ 7.5 ಲಕ್ಷದವರೆಗೆ ರಿಯಾಯಿತಿ ಇದೆ. ಹನ್ನೆರಡು ತಿಂಗಳೊಳಗೆ ಆ ಮನೆಗೆ ಹೋಗಿ, ಕನಿಷ್ಠ ಒಂದು ವರ್ಷ ಸತತವಾಗಿ ಅಲ್ಲಿ ವಾಸಿಸಬೇಕು. ಅವಳ ಬೆಲೆಯ ಮಟ್ಟದಲ್ಲಿ ಇದರಿಂದ ಉಳಿಯುವುದು ಸುಮಾರು 20,000 ಡಾಲರ್. ಎರಡನೆಯದು ಕೇಂದ್ರ ಸರ್ಕಾರದ ಫಸ್ಟ್ ಹೋಮ್ ಗ್ಯಾರಂಟಿ: ಶೇ 20ರಷ್ಟು ಮುಂಗಡ ಇಲ್ಲದವರು ಬ್ಯಾಂಕಿಗೆ ಕಟ್ಟಬೇಕಾದ ಸಾಲವಿಮೆಯ ಸಾವಿರಾರು ಡಾಲರನ್ನು ಇದು ತಪ್ಪಿಸುತ್ತದೆ. ಇದಕ್ಕೆ ಅರ್ಜಿ ಹಾಕುವವರು ನಾಗರಿಕರೋ ಕಾಯಂ ನಿವಾಸಿಗಳೋ ಆಗಿರಬೇಕು. ಅವಳಿಗೆ ಕಾಯಂ ವೀಸಾ ಇತ್ತು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತಾತ್ಕಾಲಿಕ ವೀಸಾದಲ್ಲಿರುವವರು 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ಹಳೆಯ ಮನೆಗಳನ್ನು ಕೊಳ್ಳುವಂತೆಯೇ ಇಲ್ಲ. ಈ ಮಾತು ಗೊತ್ತಿಲ್ಲದೆ ತಿಂಗಳುಗಟ್ಟಲೆ ಮನೆ ನೋಡಿ ನಿರಾಶರಾದವರನ್ನು ಕಂಡಿದ್ದೇನೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಅಗ್ಗವೆಂದು ಕಂಡವು

ಮೊದಲ ವಾರ ಅವಳ ಕಣ್ಣು ಕುಕ್ಕಿದ್ದು ಕಾರ್ಲ್ಟನ್‌ನ ಒಂದು ಪುಟ್ಟ ಸ್ಟುಡಿಯೋ, ಎಂದರೆ ಒಂದೇ ಕೋಣೆಯ ಮನೆ. ಆಸ್ಪತ್ರೆಗೆ ನಡೆದೇ ಹೋಗಬಹುದು, ಬೆಲೆ ಎರಡು ಲಕ್ಷಕ್ಕೂ ಕಡಿಮೆ. ಆದರೆ ಅದು ವಿದ್ಯಾರ್ಥಿ ವಸತಿಗೆಂದು ಕಟ್ಟಿದ ಕಟ್ಟಡ, ಒಳಗಿನ ಅಳತೆ 22 ಚದರ ಮೀಟರ್. ಬ್ಯಾಂಕಿನವರು ವಿಳಾಸ ಕೇಳಿದೊಡನೆ ಬೇಡವೆಂದರು. ಬಾಲ್ಕನಿ, ಕಾರಿನ ಜಾಗ ಬಿಟ್ಟು ಒಳಗೇ 50 ಚದರ ಮೀಟರ್ ಇರಬೇಕೆಂಬುದು ಹಲವು ಬ್ಯಾಂಕುಗಳ ನಿಲುವು. ಅದಕ್ಕಿಂತ ಕಡಿಮೆಯಿದ್ದರೆ ಹೆಚ್ಚು ಮುಂಗಡ ಕೇಳುತ್ತವೆ, ಇಲ್ಲವೇ ಕೈಚೆಲ್ಲುತ್ತವೆ. ಇಂದು ನಮಗೆ ಸಾಲ ಕೊಡಲು ಹಿಂಜರಿಯುವ ಬ್ಯಾಂಕ್ ನಾಳೆ ನಮ್ಮಿಂದ ಕೊಳ್ಳುವವರಿಗೂ ಹಿಂಜರಿಯುತ್ತದೆ.

ಎರಡನೆಯದು ಸೌತ್‌ಬ್ಯಾಂಕ್‌ನ ಗೋಪುರದಲ್ಲಿ ಒಂದು ಕೋಣೆಯ ಯೂನಿಟ್, 4.3 ಲಕ್ಷ. ಈಜುಕೊಳ, ವ್ಯಾಯಾಮಶಾಲೆ, ನಾಲ್ಕು ಲಿಫ್ಟ್, ಬಾಗಿಲಲ್ಲಿ ಇಡೀ ದಿನ ಸಿಬ್ಬಂದಿ. ಸುರಕ್ಷಿತ ಎಂಬ ಭಾವನೆ ಒಳಗೆ ಕಾಲಿಟ್ಟೊಡನೆ ಬರುತ್ತದೆ, ನಿಜ. ಆದರೆ ಸಂಘದ ಶುಲ್ಕ ವರ್ಷಕ್ಕೆ 7,800 ಡಾಲರ್. ನಾವು ನೋಡುತ್ತಿದ್ದ ಹಳೆಯ ಇಟ್ಟಿಗೆ ಕಟ್ಟಡಗಳಲ್ಲಿ ಅದು 2,600ರ ಆಸುಪಾಸು. ವ್ಯತ್ಯಾಸ 5,200. ಬಡ್ಡಿ ಶೇ 6 ಎಂದು ಹಿಡಿದರೆ, ವರ್ಷಕ್ಕೆ 5,200 ಡಾಲರ್ ಎಂದರೆ ಸುಮಾರು 87,000 ಡಾಲರ್ ಸಾಲದ ಬಡ್ಡಿ. 4.3 ಲಕ್ಷದ ಆ ಯೂನಿಟ್ ಅವಳ ತಿಂಗಳ ಸಂಬಳದ ಮೇಲೆ ಹೇರುತ್ತಿದ್ದ ಭಾರ 5.17 ಲಕ್ಷದ್ದು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವಳು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವ ಬೆಲೆಯ ಜೊತೆಗೆ ಈ ಶುಲ್ಕವನ್ನೂ ಅಷ್ಟೇ ದಪ್ಪಕ್ಷರದಲ್ಲಿ ಮುದ್ರಿಸಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಗೋಪುರಗಳ ಬಗ್ಗೆ ಇನ್ನೊಂದು ಅಳುಕೂ ಇತ್ತು. 2014ರ ನವೆಂಬರ್‌ನಲ್ಲಿ ಡಾಕ್‌ಲ್ಯಾಂಡ್ಸ್‌ನ ಲಾಕ್ರಾಸ್ ಕಟ್ಟಡದ ಬಾಲ್ಕನಿಯೊಂದರಲ್ಲಿ ಸಿಗರೇಟಿನಿಂದ ಹತ್ತಿದ ಬೆಂಕಿ ಹೊರಗೋಡೆಯ ಹೊದಿಕೆಗೆ ತಗುಲಿ ನಿಮಿಷಗಳಲ್ಲಿ ಮೇಲಿನ ಅಂತಸ್ತುಗಳಿಗೆ ಏರಿತ್ತು. 2019ರ ಫೆಬ್ರುವರಿಯಲ್ಲಿ ಸ್ಪೆನ್ಸರ್ ಬೀದಿಯ ನಿಯೋ200 ಕಟ್ಟಡದಲ್ಲಿಯೂ ಅಂಥದೇ ಆಯಿತು. ಅದೇ ವರ್ಷ ರಾಜ್ಯ ಸರ್ಕಾರ ಹೊದಿಕೆ ತೆಗೆಸಲು 60 ಕೋಟಿ ಡಾಲರ್‌ಗಳ ಯೋಜನೆ ಪ್ರಕಟಿಸಿತು. ಬಹುಮಹಡಿ ಕಟ್ಟಡ ನೋಡುವವರು ಹೊದಿಕೆಯ ಸ್ಥಿತಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ನಾವು ಆ ದಾರಿಯನ್ನೇ ಬಿಟ್ಟು, 1960-70ರ ದಶಕದ ಎರಡು ಮೂರು ಅಂತಸ್ತಿನ, ಲಿಫ್ಟ್ ಇಲ್ಲದ ಇಟ್ಟಿಗೆ ಕಟ್ಟಡಗಳತ್ತ ತಿರುಗಿದೆವು. ನೋಡಲು ಸಪ್ಪೆ. ಆದರೆ ಕೋಣೆಗಳು ದೊಡ್ಡವು, ಗೋಡೆಗಳು ದಪ್ಪ, ಎಲ್ಲರೂ ಹಂಚಿಕೊಳ್ಳುವ ಯಂತ್ರಗಳು ಕಡಿಮೆ.

ಅಂಕಿಅಂಶ ಹೇಳಿದ್ದು, ಹೇಳದ್ದು

ಬಡಾವಣೆಗಳ ಪಟ್ಟಿ ಈಗ ನಾಲ್ಕಕ್ಕೆ ಇಳಿದಿತ್ತು: ಬ್ರನ್ಸ್‌ವಿಕ್, ಕೆನ್ಸಿಂಗ್ಟನ್, ಫ್ಲೆಮಿಂಗ್ಟನ್, ವೆಸ್ಟ್ ಫುಟ್ಸ್‌ಕ್ರೇ. ಅವಳು ಸಹೋದ್ಯೋಗಿಗಳನ್ನೆಲ್ಲ ವಿಚಾರಿಸಿ ಬಂದಿದ್ದಳು. ಒಬ್ಬರು ಫ್ಲೆಮಿಂಗ್ಟನ್ ಬೇಡವೇ ಬೇಡ ಎಂದಿದ್ದರಂತೆ, ಇನ್ನೊಬ್ಬರು ಫುಟ್ಸ್‌ಕ್ರೇ ಹೆಸರು ಕೇಳಿ ಮುಖ ಸಿಂಡರಿಸಿದ್ದರಂತೆ. ಆ ಇಬ್ಬರೂ ಅಲ್ಲಿ ವಾಸಿಸಿದವರಲ್ಲ.

ವಿಕ್ಟೋರಿಯಾದ ಕ್ರೈಂ ಸ್ಟ್ಯಾಟಿಸ್ಟಿಕ್ಸ್ ಏಜೆನ್ಸಿ ಪೊಲೀಸ್ ದಾಖಲೆಗಳ ಅಂಕಿಗಳನ್ನು ಬಡಾವಣೆವಾರು, ಅಪರಾಧದ ಬಗೆವಾರು ಉಚಿತವಾಗಿ ಒದಗಿಸುತ್ತದೆ. ಅದನ್ನು ಓದುವುದರಲ್ಲಿ ಎರಡು ಎಡವಟ್ಟುಗಳಾಗುತ್ತವೆ. ಒಂದು, ಒಟ್ಟು ಸಂಖ್ಯೆಯನ್ನೇ ನೋಡುವುದು. ಅಂಗಡಿಗಳಿಂದ ಕಳವು, ನಿಲ್ಲಿಸಿದ ಕಾರಿನಿಂದ ಕಳವು, ಮನೆಯೊಳಗಿನ ಕೌಟುಂಬಿಕ ಹಿಂಸೆ, ಬೀದಿಯಲ್ಲಿ ದರೋಡೆ ಇವೆಲ್ಲ ಒಂದೇ ಮೊತ್ತದಲ್ಲಿ ಸೇರಿಹೋಗುತ್ತವೆ. ದೊಡ್ಡ ಮಾರುಕಟ್ಟೆಯಿರುವ ಬಡಾವಣೆ ಅಷ್ಟಕ್ಕೇ ಭಯಂಕರವಾಗಿ ಕಾಣುತ್ತದೆ. ಎರಡು, ಜನಸಂಖ್ಯೆಗೆ ಭಾಗಿಸಿದ ದರ. ನಗರದ ನಡುಮಧ್ಯದಲ್ಲಿ ಮಲಗುವವರು ಕೆಲವರು, ಹಗಲಿಗೆ ಬಂದುಹೋಗುವವರು ಲಕ್ಷಾಂತರ. ಆ ಲಕ್ಷಾಂತರ ಜನರ ನಡುವೆ ಆದದ್ದನ್ನು ಅಲ್ಲಿ ಮಲಗುವವರ ಸಂಖ್ಯೆಯಿಂದ ಭಾಗಿಸಿದರೆ ಬರುವ ಉತ್ತರಕ್ಕೆ ಅರ್ಥ ಕಡಿಮೆ.

ಆದ್ದರಿಂದ ನಾವು ನೋಡಿದ್ದು ಮನೆಗಳ್ಳತನ, ದರೋಡೆ, ಬೀದಿಯಲ್ಲಿ ನಡೆದ ಹಲ್ಲೆ ಈ ಮೂರನ್ನೇ, ಅದೂ ಐದು ವರ್ಷಗಳ ಏರಿಳಿತವಾಗಿ. ಹಾಗೆ ನೋಡಿದಾಗ ನಾಲ್ಕು ಬಡಾವಣೆಗಳ ನಡುವಿನ ಅಂತರ ಬಾಯಿಮಾತಿನಲ್ಲಿ ಕೇಳಿದಷ್ಟು ಇರಲಿಲ್ಲ. ಬಡಾವಣೆಯ ಒಳಗೇ ಬೀದಿಯಿಂದ ಬೀದಿಗೆ ಎಷ್ಟು ಅಂತರ ಎಂಬುದನ್ನು ಆ ಕೋಷ್ಟಕ ಹೇಳುವುದಿಲ್ಲ. ಅದನ್ನು ಕಾಲಿನಿಂದಲೇ ತಿಳಿಯಬೇಕಿತ್ತು.

ಮನೆ ತೋರಿಸುವುದು ಶನಿವಾರ ಬೆಳಿಗ್ಗೆ. ಬಿಸಿಲು, ಕಾಫಿ ಹಿಡಿದ ದಂಪತಿಗಳು, ತಳ್ಳುಗಾಡಿಯಲ್ಲಿ ಮಕ್ಕಳು. ಆ ಹೊತ್ತಿಗೆ ಯಾವ ಬೀದಿ ಚೆಂದ ಕಾಣುವುದಿಲ್ಲ? ಅವಳು ಮನೆಗೆ ಬರುವುದು ರಾತ್ರಿ ಹತ್ತಕ್ಕೆ. ಹಾಗಾಗಿ ಜೂನ್, ಜುಲೈನ ಚಳಿಯಲ್ಲಿ, ಅವಳ ಪಾಳಿ ಮುಗಿಯುವ ಹೊತ್ತಿಗೆ ನಾನು ಆಸ್ಪತ್ರೆಯ ಬಾಗಿಲಿಗೆ ಹೋಗಿ, ಇಬ್ಬರೂ ಅಲ್ಲಿಂದಲೇ ಟ್ರಾಮ್ ಇಲ್ಲವೇ ರೈಲು ಹಿಡಿದು, ಪಟ್ಟಿಯಲ್ಲಿದ್ದ ಒಂದೊಂದು ಯೂನಿಟ್‌ನ ಬಾಗಿಲವರೆಗೆ ನಡೆದೆವು. ಒಟ್ಟು ಒಂಬತ್ತು ರಾತ್ರಿ. ನಡೆಯುವಾಗ ನಾನು ಎಣಿಸುತ್ತಿದ್ದದ್ದು ಬೆಳಕಿರುವ ಕಿಟಕಿಗಳನ್ನು. ಬೀದಿಗೆ ಮುಖ ಮಾಡಿದ ಕಿಟಕಿಯಲ್ಲಿ ದೀಪವಿದ್ದರೆ ಅಲ್ಲಿ ಒಬ್ಬರು ಎಚ್ಚರವಿದ್ದಾರೆ, ಕೂಗಿದರೆ ಕೇಳುತ್ತದೆ. ಅವಳು ಗಮನಿಸುತ್ತಿದ್ದದ್ದು ಬೇರೆ: ಎಲ್ಲಿ ತನ್ನ ಹೆಜ್ಜೆ ತಾನಾಗಿ ಬಿರುಸಾಗುತ್ತದೆ, ಎಲ್ಲಿ ಕೈ ಮೊಬೈಲಿನತ್ತ ಹೋಗುತ್ತದೆ ಎಂಬುದನ್ನು.

ಫ್ಲೆಮಿಂಗ್ಟನ್‌ನ ಮೊದಲ ರಾತ್ರಿ ಅವಳ ಕೈ ಮೊಬೈಲಿನತ್ತ ಹೋದದ್ದು ರೇಸ್‌ಕೋರ್ಸ್ ರಸ್ತೆಯ ಸರ್ಕಾರಿ ವಸತಿ ಗೋಪುರಗಳ ಮುಂದೆ. 2020ರ ಜುಲೈ 4ರಂದು, ಕೋವಿಡ್ ಸಮಯದಲ್ಲಿ, ಫ್ಲೆಮಿಂಗ್ಟನ್ ಮತ್ತು ನಾರ್ತ್ ಮೆಲ್ಬರ್ನ್‌ನ ಇಂಥ ಒಂಬತ್ತು ಗೋಪುರಗಳಲ್ಲಿದ್ದ ಸುಮಾರು 3,000 ಜನರನ್ನು ಮುನ್ಸೂಚನೆಯಿಲ್ಲದೆ ಒಳಗೇ ದಿಗ್ಬಂಧಿಸಿ ಪೊಲೀಸರನ್ನು ಕಾವಲಿಟ್ಟಿದ್ದರು. ಅದು ಮಾನವ ಹಕ್ಕುಗಳ ಉಲ್ಲಂಘನೆ ಎಂದು ಸರ್ಕಾರದ ಮೇಲಿನ ದೂರುಗಳನ್ನು ವಿಚಾರಿಸುವ ರಾಜ್ಯದ ಓಂಬುಡ್ಸ್‌ಮನ್ ಆ ವರ್ಷದ ಕೊನೆಯಲ್ಲೇ ವರದಿ ಕೊಟ್ಟರು. ಆದರೂ ಟಿವಿಯಲ್ಲಿ ಕಂಡ ಪೊಲೀಸರ ಸಾಲು ಊರಿನ ನೆನಪಿನಲ್ಲಿ ಅಳಿದಿಲ್ಲ. ಫ್ಲೆಮಿಂಗ್ಟನ್ ಎಂದಾಗ ಜನ ಮುಖ ಸಿಂಡರಿಸುವುದರ ಹಿಂದೆ ಅದರ ಪಾಲೂ ಇದೆ ಎಂದು ನನಗನ್ನಿಸುತ್ತದೆ. ನಾವು ಕಂಡದ್ದು ಇಷ್ಟು: ರಾತ್ರಿ ಹತ್ತು ದಾಟಿದರೂ ಅಂಗಡಿ ಮುಚ್ಚುತ್ತ ಮಾತಾಡುತ್ತಿದ್ದ ಗಂಡಸರು, ಕೆಲಸ ಮುಗಿಸಿ ಚೀಲ ಹೊತ್ತು ಬರುತ್ತಿದ್ದ ಹಿಜಾಬ್ ಧರಿಸಿದ ಇಬ್ಬರು ಮಹಿಳೆಯರು, ಮೇಲಿಂದ ಮೇಲೆ ನೂರಾರು ಬೆಳಕಿನ ಕಿಟಕಿಗಳು. ಆ ಮಹಿಳೆಯರಲ್ಲಿ ಒಬ್ಬರು ಇವಳ ಆಸ್ಪತ್ರೆಯ ಗುರುತುಚೀಟಿ ನೋಡಿ ನಕ್ಕು, ತಾನೂ ಅಲ್ಲೇ ಸ್ವಚ್ಛತಾ ವಿಭಾಗದಲ್ಲಿರುವುದಾಗಿ ಹೇಳಿದರು. ಮರಳುವಾಗ ನನ್ನ ಹುಡುಗಿ ತುಂಬ ಮೆಲ್ಲನೆ, "ಅಕ್ಕಾ, ನಾನು ಹೆದರಿದ್ದು ಯಾರಿಗೆ?" ಎಂದಳು. ಈ ಇಡೀ ಹುಡುಕಾಟದಲ್ಲಿ ನನ್ನನ್ನು ಅತ್ಯಂತ ತಟ್ಟಿದ ಮಾತು ಅದು. ಮೈಬಣ್ಣ ನೋಡಿ ತನ್ನಿಂದ ದೂರ ಸರಿದು ಕೂರುವವರನ್ನು ಟ್ರಾಮ್‌ನಲ್ಲಿ ಕಂಡು ನೊಂದವಳು ಅವಳು.

ಹಾಗೆಂದು ಎಲ್ಲ ಭಯವನ್ನೂ ಪೂರ್ವಗ್ರಹವೆಂದು ತಳ್ಳಿಹಾಕಲಿಲ್ಲ. ಅದೇ ಫ್ಲೆಮಿಂಗ್ಟನ್‌ನಲ್ಲಿ ರೈಲುಹಳಿಯ ಕೆಳಗಿನ ಒಂದು ಕಾಲುದಾರಿಯನ್ನು ಹಾದು ಹೋಗಬೇಕಾಗಿದ್ದ ಯೂನಿಟ್ ಒಂದನ್ನು ಅಂದೇ ಕೈಬಿಟ್ಟೆವು. ಒಳಗೆ ದೀಪ ಕೆಟ್ಟಿತ್ತು, ಎರಡು ಕಡೆಯೂ ಗೋಡೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಬೆಲೆ ಮಾತ್ರ ಎಲ್ಲಕ್ಕಿಂತ ಕಡಿಮೆ ಇತ್ತು.

ಕೈತಪ್ಪಿದ್ದೇ ಒಳ್ಳೆಯದಾದ ಎರಡು

ಬ್ರನ್ಸ್‌ವಿಕ್‌ನ ಯೂನಿಟ್ ಅವಳಿಗೆ ತುಂಬ ಹಿಡಿಸಿತ್ತು. ಆಸ್ಪತ್ರೆಯ ಮುಂದಿನಿಂದಲೇ ಹೊರಡುವ 19ನೇ ನಂಬರ್ ಟ್ರಾಮ್ ಸಿಡ್ನಿ ರಸ್ತೆಯಲ್ಲಿ ಇಳಿಸುತ್ತದೆ, ಶುಕ್ರವಾರ ಮತ್ತು ಶನಿವಾರ ರಾತ್ರಿಯಿಡೀ ಓಡುತ್ತದೆ. ಬೀದಿಯಲ್ಲಿ ಜನವೋ ಜನ. ಹರಾಜು ಹತ್ತು ದಿನ ದೂರವಿತ್ತು. ಸೆಕ್ಷನ್ 32 ಎಂದು ಕರೆಯುವ ಮಾರಾಟಗಾರರ ಹೇಳಿಕೆಯನ್ನು ತರಿಸಿಕೊಂಡೆವು. ವಿಕ್ಟೋರಿಯಾದಲ್ಲಿ ಸಹಿಗೆ ಮುಂಚೆ ಅದನ್ನು ಕೊಡಲೇಬೇಕು. ಸಂಘದ ಪ್ರಮಾಣಪತ್ರ, ಕೊನೆಯ ವಾರ್ಷಿಕ ಸಭೆಯ ನಿರ್ಣಯಗಳು ಅದರ ಜೊತೆ ಇದ್ದವು, ಆಕ್ಷೇಪಿಸುವಂಥದ್ದು ಏನೂ ಕಾಣಲಿಲ್ಲ. ಆದರೂ ಹಿಂದಿನ ಮೂರು ವರ್ಷದ ಸಭೆಗಳ ನಡಾವಳಿಯನ್ನೂ ಕೇಳಿದೆವು. ಏಜೆಂಟರು ಎರಡು ಸಲ ಮರೆತರು. ಮೂರನೆಯ ಸಲ ಕಳುಹಿಸಿದರು.

ಎರಡು ವರ್ಷ ಹಿಂದಿನ ಪುಟವೊಂದರಲ್ಲಿ, ಬಾಲ್ಕನಿಗಳ ಕಾಂಕ್ರೀಟಿನೊಳಗೆ ಕಬ್ಬಿಣ ತುಕ್ಕು ಹಿಡಿದು ಸಿಮೆಂಟು ಉದುರುತ್ತಿದೆ, ದುರಸ್ತಿಗೆ ಎಂಜಿನಿಯರ್ ಕೊಟ್ಟ ಅಂದಾಜನ್ನು ಮನೆಗೆ ಹಂಚಿದರೆ ತಲಾ 18,000 ಡಾಲರ್ ಆಗುತ್ತದೆ, ಸದ್ಯಕ್ಕೆ ಮುಂದೂಡಲಾಗಿದೆ ಎಂದಿತ್ತು. ಆಮೇಲಿನ ಯಾವ ಸಭೆಯಲ್ಲೂ ಅದರ ಮಾತೇ ಇಲ್ಲ. ಮುಂದೂಡಿದ್ದು ಎಂದೋ ಒಮ್ಮೆ ಬರಲೇಬೇಕು, ಆಗ ಯಾರ ಹೆಸರಿನಲ್ಲಿ ಮನೆ ಇರುತ್ತದೆಯೋ ಅವರೇ ಕಟ್ಟಬೇಕು. ಅವಳ ಆಪದ್ಧನವಿದ್ದದ್ದೇ 14,000. ಹರಾಜಿಗೆ ಹೋಗಲಿಲ್ಲ. ಅವಳಿಗೆ ದುಃಖವಾಯಿತು, ನನಗೆ ಜೀವ ಬಂದಂತಾಯಿತು.

ಕೆನ್ಸಿಂಗ್ಟನ್‌ದು ನೀರಿನ ಕಥೆ. ಮಾರಿಬರ್ನಾಂಗ್ ನದಿಯ ಹತ್ತಿರದ ಕೆನ್ಸಿಂಗ್ಟನ್ ಬ್ಯಾಂಕ್ಸ್ ಭಾಗ ಹಸಿರು, ಶಾಂತ, ಮಕ್ಕಳ ಸೈಕಲ್ಲುಗಳು. 2022ರ ಅಕ್ಟೋಬರ್ 14ರಂದು ಆ ನದಿ ಉಕ್ಕಿ ಎದುರುದಂಡೆಯ ಮಾರಿಬರ್ನಾಂಗ್ ಬಡಾವಣೆಯ ನೂರಾರು ಮನೆಗಳಿಗೆ ನುಗ್ಗಿತ್ತು. 2024ರಲ್ಲಿ ನೀರು, ಪ್ರವಾಹ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಮೆಲ್ಬರ್ನ್ ವಾಟರ್ ಹೊರತಂದ ಹೊಸ ಪ್ರವಾಹ ನಕ್ಷೆಯಲ್ಲಿ, ಅದುವರೆಗೆ ಚಿಂತೆಯಿಲ್ಲದಿದ್ದ ಕೆನ್ಸಿಂಗ್ಟನ್ ಬ್ಯಾಂಕ್ಸ್‌ನ ಮನೆಗಳೂ ಸೇರಿದವು. ಮೇಲಿನ ಅಂತಸ್ತಿನಲ್ಲಿದ್ದರೆ ನಮಗೇನು ಎನ್ನುವಂತಿಲ್ಲ: ಕಟ್ಟಡದ ವಿಮೆ ಸಂಘದ ಹೆಸರಿನಲ್ಲಿರುತ್ತದೆ, ಕಂತು ಏರಿದರೆ ಎಲ್ಲರ ಪಾಲೂ ಏರುತ್ತದೆ. ಸರ್ಕಾರದ ವಿಕ್‌ಪ್ಲ್ಯಾನ್ ನಕ್ಷೆಯಲ್ಲಿ ವಿಳಾಸ ಹಾಕಿದರೆ ಪ್ರವಾಹ, ಪರಂಪರೆ ಮುಂತಾದ ನಿರ್ಬಂಧಗಳು ಉಚಿತವಾಗಿ ಸಿಗುತ್ತವೆ. ಅಲ್ಲಿ ಹೊಸ ನಕ್ಷೆ ಇನ್ನೂ ಸೇರಿಲ್ಲದಿರಬಹುದು, ಅದಕ್ಕೆ ನಗರಪಾಲಿಕೆಯನ್ನೂ ಕೇಳಬೇಕು. ಗುಡ್ಡದ ಮೇಲಿನ ಕೆನ್ಸಿಂಗ್ಟನ್‌ಗೆ ಈ ತೊಂದರೆಯಿಲ್ಲ, ಆದರೆ ಬೆಲೆ ನಮ್ಮ ಗಡಿ ದಾಟಿತ್ತು.

ನಾನು ಒಂದು ಹೇಳಿದೆ, ಅವಳು ಒಂದು ಆರಿಸಿದಳು

ಉಳಿದದ್ದು ಎರಡು. ವೆಸ್ಟ್ ಫುಟ್ಸ್‌ಕ್ರೇಯಲ್ಲಿ ಎರಡು ಕೋಣೆಯ ಯೂನಿಟ್, 4.35 ಲಕ್ಷ. ಫ್ಲೆಮಿಂಗ್ಟನ್‌ನಲ್ಲಿ ಹನ್ನೆರಡು ಮನೆಗಳ ಕಟ್ಟಡದ ಮೊದಲ ಅಂತಸ್ತಿನಲ್ಲಿ ಎರಡು ಕೋಣೆ, 58 ಚದರ ಮೀಟರ್, ಕೇಳಿದ ಬೆಲೆ 4.8 ಲಕ್ಷ.

ನಾನು ವೆಸ್ಟ್ ಫುಟ್ಸ್‌ಕ್ರೇ ಪರ. ನಗರದಡಿಯ ಹೊಸ ರೈಲು ಸುರಂಗ ಮೆಟ್ರೋ ಟನಲ್ ವರ್ಷದ ಕೊನೆಗೆ ತೆರೆಯುವುದಿತ್ತು. ಅದಾದರೆ ಸನ್‌ಬರಿ ಮಾರ್ಗದ ರೈಲು ವೆಸ್ಟ್ ಫುಟ್ಸ್‌ಕ್ರೇಯಿಂದ ಫುಟ್ಸ್‌ಕ್ರೇ, ಆರ್ಡನ್ ದಾಟಿ ನೇರ ಪಾರ್ಕ್‌ವಿಲ್ ಆಸ್ಪತ್ರೆಯ ಬುಡಕ್ಕೇ ಬರುತ್ತದೆ. ಬೆಲೆ ಕಡಿಮೆ. ಬಾರ್ಕ್ಲಿ ಬೀದಿಯಲ್ಲಿ ನಮ್ಮ ದಿನಸಿ ಅಂಗಡಿಗಳು. ಆದರೆ ನಿಲ್ದಾಣದಿಂದ ಆ ಯೂನಿಟ್‌ಗೆ ಹದಿನಾಲ್ಕು ನಿಮಿಷದ ನಡಿಗೆ, ಅದರಲ್ಲಿ ಅರ್ಧ ಭಾಗ ಒಂದು ಕಡೆ ಹಳಿಯ ಬೇಲಿ, ಇನ್ನೊಂದು ಕಡೆ ಮುಚ್ಚಿದ ಗೋದಾಮುಗಳು. ಬೆಳಕಿದ್ದ ಕಿಟಕಿಗಳು ನಾಲ್ಕು. ಫ್ಲೆಮಿಂಗ್ಟನ್‌ನಲ್ಲಿ 59ನೇ ನಂಬರ್ ಟ್ರಾಮ್ ಮೌಂಟ್ ಅಲೆಕ್ಸಾಂಡರ್ ರಸ್ತೆಯಲ್ಲಿ ಇಳಿಸಿದರೆ ಆರು ನಿಮಿಷ, ಮೂವತ್ತೊಂದು ಕಿಟಕಿ. ಟ್ರಾಮ್ ತಪ್ಪಿದರೆ ನ್ಯೂಮಾರ್ಕೆಟ್ ನಿಲ್ದಾಣಕ್ಕೆ ರೈಲು ಇದೆ.

"ಬಡಾವಣೆ ಎರಡೂ ಸರಿ ಅಕ್ಕಾ, ಆ ಏಳು ನಿಮಿಷದ ಬೇಲಿ ನನಗೆ ಸರಿಯಿಲ್ಲ," ಎಂದಳು. ನಿಲ್ದಾಣಕ್ಕೆ ಹತ್ತಿರವಿರುವ ಬೇರೊಂದು ಯೂನಿಟ್ ಬರುವವರೆಗೆ ಕಾಯೋಣವೆಂದು ನಾನು ಒತ್ತಾಯಿಸಿದೆ. ಆ ಆಗಸ್ಟ್‌ನಲ್ಲಿ ಆಸ್ಟ್ರೇಲಿಯದ ರಿಸರ್ವ್ ಬ್ಯಾಂಕ್ ತನ್ನ ಮೂಲ ಬಡ್ಡಿದರವನ್ನು ವರ್ಷದಲ್ಲಿ ಮೂರನೆಯ ಸಲ ಇಳಿಸಿ ಶೇ 3.60ಕ್ಕೆ ತಂದಿತ್ತು, ಮನೆ ನೋಡಲು ಬರುವವರ ಸಾಲು ವಾರವಾರವೂ ಉದ್ದವಾಗುತ್ತಿತ್ತು. ಅವಳು ಕಾಯಲಿಲ್ಲ. ರಾತ್ರಿ ಆ ದಾರಿಯಲ್ಲಿ ನಡೆಯಬೇಕಾದವಳು ಅವಳು, ನಾನು ಸುಮ್ಮನಾದೆ.

ಕಟ್ಟಡವನ್ನು ನಾವು ಕಳ್ಳರ ಕಣ್ಣಿನಿಂದ ನೋಡಿದೆವು. ಅಂಚೆಪೆಟ್ಟಿಗೆಗಳಿಗೆ ಬೀಗವಿತ್ತು. ಮೆಟ್ಟಿಲ ದೀಪ ಹೆಜ್ಜೆಯ ಸದ್ದಿಗೆ ಹೊತ್ತುತ್ತಿತ್ತು. ಅಡುಗೆಮನೆಯ ಕಿಟಕಿ ಒಳದಾರಿಗೆ ತೆರೆದಿತ್ತು, ಆದರೆ ಮೊದಲ ಅಂತಸ್ತಾದ್ದರಿಂದ ಕೈಗೆ ಎಟುಕುವುದಿಲ್ಲ. ಹಿಂದಿನ ಕಾರುನಿಲ್ದಾಣ ಮಾತ್ರ ಕತ್ತಲು. ನಡಾವಳಿ ಓದಿದೆವು: ಚಾವಣಿಯ ಹೆಂಚು ಹಳೆಯದು ಎಂಬ ಒಂದು ಸಾಲು, ಖಾತೆಯಲ್ಲಿ 31,000 ಡಾಲರ್, ದೀರ್ಘಾವಧಿ ನಿರ್ವಹಣಾ ಯೋಜನೆ ಇಲ್ಲ. 2021ರ ಡಿಸೆಂಬರ್‌ನಿಂದ 50ಕ್ಕಿಂತ ಹೆಚ್ಚು ಮನೆಗಳಿರುವ ಸಂಘಗಳಿಗೆ ಆ ಯೋಜನೆ ಕಡ್ಡಾಯ. ಹನ್ನೆರಡು ಮನೆಯ ಸಂಘಕ್ಕಲ್ಲ. ತಪಾಸಣೆಗೆ ಬಂದವರು ಹೆಂಚು ಇನ್ನು ಐದಾರು ವರ್ಷ ತಡೆಯಬಹುದು ಎಂದು ಬರೆದುಕೊಟ್ಟರು. ಆ ಕಾಗದ ಹಿಡಿದೇ ಚೌಕಾಸಿ ನಡೆಯಿತು. 4.72 ಲಕ್ಷಕ್ಕೆ ಕುದುರಿತು.

ಇದು ಹರಾಜಲ್ಲ, ನೇರ ಮಾರಾಟ. ಹೀಗೆ ಕೊಂಡರೆ ವಿಕ್ಟೋರಿಯಾದಲ್ಲಿ ಸಹಿ ಮಾಡಿದ ಮೇಲೂ ಮೂರು ಕೆಲಸದ ದಿನಗಳೊಳಗೆ ಮನಸ್ಸು ಬದಲಿಸಬಹುದು. ಬಿಟ್ಟುಕೊಡಬೇಕಾದದ್ದು 100 ಡಾಲರ್ ಅಥವಾ ಬೆಲೆಯ ಶೇ 0.2, ಯಾವುದು ಹೆಚ್ಚೋ ಅದು. ಹರಾಜಿನಲ್ಲಿ ಈ ಅವಕಾಶವಿಲ್ಲ. ಆ ಮೂರು ದಿನವೂ ಅವಳು ಪಾಳಿ ಮುಗಿಸಿ ಒಬ್ಬಳೇ ಆ ಬೀದಿಗೆ ಹೋಗಿ, ಕಟ್ಟಡದ ಗೇಟಿನವರೆಗೆ ನಡೆದು, ಬಾಡಿಗೆ ಮನೆಗೆ ಮರಳಿ, ನನಗೆ "ತಲುಪಿದೆ" ಎಂದು ಸಂದೇಶ ಕಳಿಸಿದಳು. ನವೆಂಬರ್ ಮೊದಲ ವಾರ ಕೀಲಿ ಸಿಕ್ಕಿತು. ನವೆಂಬರ್ 30ರಂದು ಮೆಟ್ರೋ ಟನಲ್ ತೆರೆದಾಗ ನಾನು ವೆಸ್ಟ್ ಫುಟ್ಸ್‌ಕ್ರೇ ನೆನೆದು ಸ್ವಲ್ಪ ಚಡಪಡಿಸಿದೆ. ಈಗಲೂ ಆ ಕಡೆ ಮಾರಾಟಕ್ಕಿರುವ ಯೂನಿಟ್‌ಗಳನ್ನು ನೋಡುವುದನ್ನು ಬಿಟ್ಟಿಲ್ಲ.

2026ರ ಫೆಬ್ರುವರಿಯಲ್ಲಿ ಸಂಘದ ವಾರ್ಷಿಕ ಸಭೆ ನಡೆಯಿತು. ಏಳು ಮನೆಯವರು ಬಂದಿದ್ದರು. ಅವಳು ಎರಡು ವಿಷಯ ಎತ್ತಿದಳು: ಕಾರುನಿಲ್ದಾಣಕ್ಕೆ ದೀಪ, ಚಾವಣಿಗೆ ಐದು ವರ್ಷದ ನಿರ್ವಹಣಾ ಯೋಜನೆ. ದೀಪಕ್ಕೆ ಎಲ್ಲರೂ ಒಪ್ಪಿದರು. ಯೋಜನೆಗೆ ನಾಲ್ವರು ಒಪ್ಪಿದರು, ಮೂವರು ಒಪ್ಪಲಿಲ್ಲ, ಅಷ್ಟು ಸಾಕಾಯಿತು. ಮಾರ್ಚ್‌ನಲ್ಲಿ ಹೆಂಚು ಪರೀಕ್ಷಿಸಲು ಬಂದವರಿಗೆ ಏಣಿ, ಸಾಮಾನು ಇಡಲು ಜಾಗ ಬೇಕಾಗಿ, ಕಾರು ಇಲ್ಲದ ಅವಳು ತನ್ನ ಪಾಲಿನ ಕಾರುಜಾಗವನ್ನು ಎರಡು ದಿನ ಬಿಟ್ಟುಕೊಟ್ಟಳು.